ಪೈಪಣ್ಣನ ಫೋಟೋ ಯಾರ ಬಳಿಯೂ ಇಲ್ಲ

ನಂಬಲು ಆಗುತ್ತಿಲ್ಲ…
ಪೈಪಣ್ಣ ಇನ್ನಿಲ್ಲವಂತೆ.
ಹೋದ ತಿಂಗಳು ರೀಯೂನಿಯನ್ ದಿನ ಶಾಲೆಯ ಗೇಟಿನಲ್ಲೇ ನಿಂತಿದ್ದರು… ಹೆಗಲ ಮೇಲೆ ಪೈಪ್ ಸುತ್ತಿಕೊಂಡು, ಬಂದವರಿಗೆಲ್ಲ ಕೈಮುಗಿಯುತ್ತಾ.

ಅದಕ್ಕಿಂತ ನಂಬಲು ಆಗದ್ದು ನಮ್ಮ ಬ್ಯಾಚ್ ಗ್ರೂಪ್.

ಬೆಳಗ್ಗೆ ಏಳೂವರೆಗೆ ರವಿ ಸುದ್ದಿ ಹಾಕಿದ. ನಮ್ಮ ಸ್ಕೂಲಿನ ಮಾಲಿ ತೀರಿಕೊಂಡರು ಅಂತ.
ಎಂಟರೊಳಗೆ ನಲವತ್ತು ಕೈಮುಗಿದ ಎಮೋಜಿ…
ಆಮೇಲೆ ಒಬ್ಬ ಬರೆದ, "ಶ್ರದ್ಧಾಂಜಲಿ ಫ್ಲೆಕ್ಸ್ ಮಾಡ್ಸೋಣ ಕಣ್ರೋ. ಅವ್ರ ಹೆಸ್ರೇನು?"
ಗ್ರೂಪ್ ಗಪ್‌ಚುಪ್.
ಇನ್ನೊಬ್ಬಳು, "ಹೆಸ್ರು ಆಮೇಲೆ ನೋಡಣ ಬುಡ್ರೋ. ಒಂದು ಒಳ್ಳೆ ಫೋಟೋ ಹಾಕಿ ಮೊದ್ಲು."
ಮತ್ತೆ ಗಪ್‌ಚುಪ್…
ಅರ್ಧ ಗಂಟೆ ಕಳೆದ ಮೇಲೆ ಯಾರೋ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಹಾಕಿದರು. ಅದಕ್ಕೂ ಆರು ಜನ ಹಾರ್ಟ್ ಒತ್ತಿದರು.

ರೀಯೂನಿಯನ್ ದಿನ ನಾವು ತೆಗೆದ ಫೋಟೋಗಳಿಗೆ ಲೆಕ್ಕವಿಲ್ಲ. ಹೋಳಿಗೆ ಬಡಿಸಿದ ಎಲೆಗೂ ಫೋಟೋ ಇದೆ. ಪಾರ್ಕ್ ಮಾಡಿದ ಕಾರಿಗೂ ಇದೆ.
ಪೈಪಣ್ಣನದು ಒಂದೂ ಇಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ…
ಜಯಲಕ್ಷ್ಮಿಪುರಂನಲ್ಲಿ ನಮ್ಮ ಶಾಲೆ. ಏಳನೇ ಕ್ಲಾಸ್ ಮುಗಿಸಿದವರೆಲ್ಲ ಒಂದೊಂದು ಸಸಿ ನೆಟ್ಟು ಹೋಗುವುದು ಅಲ್ಲಿನ ಪದ್ಧತಿ. ಪಕ್ಕದಲ್ಲಿ ನಮ್ಮ ಹೆಸರಿನ ತಗಡಿನ ಬೋರ್ಡ್.
ನೆಟ್ಟೆವು, ಚಪ್ಪಾಳೆ ತಟ್ಟಿಸಿಕೊಂಡೆವು, ಬೇಸಿಗೆ ರಜಕ್ಕೆ ಹೋದೆವು.
ಏಪ್ರಿಲ್ ಬಿಸಿಲಿನಲ್ಲಿ ನೀರು ಹಾಯಿಸಿದ್ದು ಪೈಪಣ್ಣ. ಅದು ನಾವಿಟ್ಟ ಹೆಸರು. ನಿಜವಾದ ಹೆಸರನ್ನು ಒಬ್ಬರೂ ಕೇಳಿರಲಿಲ್ಲ.

ಪೈಪಣ್ಣ…
ರೀಯೂನಿಯನ್‌ಗೆ ನಾವು ಬಂದ ದಿನ ನೀವು ಬೆಳಗ್ಗೆಯೇ ಕಸ ಗುಡಿಸಿ, ನೀರು ಚಿಮುಕಿಸಿ ಇಟ್ಟಿದ್ದಿರಿ.
ನಾವು ದೊಡ್ಡ ಬ್ಯಾನರ್ ತಂದಿದ್ದೆವು. "ನಮ್ಮ ಶಾಲೆ ನಮ್ಮ ಹೆಮ್ಮೆ. ಹಿರಿಯರಿಗೆ ಗೌರವ. ಮರಗಳಿಗೆ ಪ್ರೀತಿ."
"ಮೊಳೆ ಒಡೀಬೇಡ್ರಪ್ಪಾ, ಅಗ್ಗ ತತ್ತೀನಿ ತಡೀರಿ" ಅಂತ ಓಡಿದಿರಿ.
ನೀವು ಹಗ್ಗ ಹಿಡಿದು ಬರುವಷ್ಟರಲ್ಲಿ "ಮರಗಳಿಗೆ ಪ್ರೀತಿ"ಯನ್ನು ಮರಕ್ಕೇ ಮೊಳೆ ಹೊಡೆದು ಬಿಗಿದಾಗಿತ್ತು.
ಹಗ್ಗ ಸುತ್ತಿ ಜೇಬಿಗಿಟ್ಟುಕೊಂಡಿರಿ.

ಆಮೇಲೆ ಭಾಷಣ. ಈಗಿನ ಏಳನೇ ಕ್ಲಾಸಿನ ಮಕ್ಕಳನ್ನು ಬಿಸಿಲಿನಲ್ಲಿ ಕೂರಿಸಿ, ನೆರಳಲ್ಲಿ ನಿಂತು ನಾವು ಮಾತಾಡಿದೆವು.
ನಾನೂ ಮಾತಾಡಿದೆ. ಸ್ಕೂಲ್ ಲೀಡರ್ ಆಗಿದ್ದವಳಲ್ಲವೇ! ನನ್ನ ಬೋರ್ಡ್ ಇದ್ದ ಮರ ತಬ್ಬಿಕೊಂಡು, "ಈ ಸಂಪಿಗೆ ನನ್ನ ಕೈಯಾರೆ ನೆಟ್ಟದ್ದು, ನನ್ನ ಬೇರು ಇಲ್ಲೇ ಇದೆ" ಅಂದೆ. ಗಂಟಲು ಬೇರೆ ಗದ್ಗದ ಮಾಡಿಕೊಂಡೆ.
ಉಳಿದ ನಲವತ್ತೊಂದು ವಿದ್ಯಾವಂತರು ಚಪ್ಪಾಳೆ ತಟ್ಟಿದರು. ಬಾಟನಿ ಲೆಕ್ಚರರ್ ಆಗಿರುವವನೂ ತಟ್ಟಿದ…

ಕೊನೆಗೆ ಫೋಟೋಗ್ರಾಫರ್, "ಎಲ್ರೂ ಬನ್ನಿ, ಎಲ್ರೂ ಬನ್ನಿ" ಅಂದ.
ನೀವೂ ಬಂದಿರಿ.
ಮಡಿಸಿದ್ದ ಶರ್ಟಿನ ತೋಳು ಇಳಿಸಿಕೊಂಡು, ಟವೆಲಿನಲ್ಲಿ ಮುಖ ಒರೆಸಿಕೊಂಡು… ಪೈಪ್ ಮಾತ್ರ ಕೈಯಲ್ಲೇ ಇತ್ತು. ಎಡತುದಿಯಲ್ಲಿ ನೆಟ್ಟಗೆ ನಿಂತಿರಿ.
"ಪೈಪಣ್ಣ, ಸ್ವಲ್ಪ ಪಕ್ಕಕ್ಕೆ ಬನ್ನಿ… ಇದು ಬ್ಯಾಚ್ ಫೋಟೋ."
ಹೇಳಿದ್ದು ಬೇರೆ ಯಾರೂ ಅಲ್ಲ. ನಾನೇ.
"ಅಯ್ಯೋ, ಗೊತ್ತಾಗ್ನಿಲ್ಲ ಕಣಮ್ಮ" ಅಂತ ನಕ್ಕು ಸರಿದಿರಿ. ಆ ನಗು ಬೆಳಗ್ಗೆಯಿಂದ ನನ್ನ ಕಣ್ಣೆದುರಿಗಿದೆ.

ಹೊರಡುವಾಗ ಕಾರಿನ ಹತ್ತಿರ ಬಂದು, ಸುತ್ತ ಯಾರೂ ಇಲ್ಲದ್ದು ನೋಡಿಕೊಂಡು ಮೆಲ್ಲಗೆ ಹೇಳಿದಿರಿ…
"ಫೋನ್ನಲ್ಲಿ ಆಕುವಾಗ ಸಂಪಿಗೆ ಅಂತ ಬರೀಬೇಡಿ ಕಣಮ್ಮ. ತಿಳಿದೋರು ನಗ್ತಾರೆ. ನೀವು ನೆಟ್ಟಿದ್ದು ಸಂಪಿಗೆನೇ. ಅದು ಆ ರಜದಲ್ಲೇ ಒಣಗೋಯ್ತು. ಇದು ಒಂಗೆ ಮರ."
"ಮತ್ತೆ ನನ್ನ ಬೋರ್ಡ್?"
"ಮಕ್ಕಳು ತಿರುಗಿ ಬಂದಾಗ ಬೋರ್ಡ್ ಒಂದೇ ನಿಂತಿದ್ರೆ ಬೇಜಾರಾಗಕ್ಕಿಲ್ವಾ? ಸತ್ತೋದ ಜಾಗದಲ್ಲೆಲ್ಲ ನಾನೇ ಬೇರೆ ನೆಡ್ತಿದ್ದೆ. ಯಾರ್ಗೂ ಏಳಕ್ಕಿಲ್ಲ ಬುಡಿ."

ಪಕ್ಕಕ್ಕೆ ಸರಿಸಿದವಳ ಮಾನ ಉಳಿಸಲು ಬಂದಿದ್ದಿರಿ ನೀವು.
ನಾನು ಏನು ಮಾಡಿದೆ ಗೊತ್ತೇ? ಮನೆ ಸೇರುವ ಮುಂಚೆಯೇ "ನನ್ನ ಮರ" ಅಂತ ಪೋಸ್ಟ್ ಹಾಕಿದೆ. ಸಂಪಿಗೆ ಅನ್ನುವ ಪದ ಮಾತ್ರ ಬಿಟ್ಟೆ. ಮುನ್ನೂರು ಲೈಕ್ ಬಂತು. ಥೂ…

ಇವತ್ತು ಶಾಲೆಯ ಆಫೀಸಿಗೆ ಫೋನ್ ಮಾಡಿ ನಿಮ್ಮ ಹೆಸರು ಕೇಳಿದೆ.
"ಮಾಲಿ ಅಂತಲೇ ಕರೀತಿದ್ವಿ ಮೇಡಂ" ಅಂದರು. ಹೆಮ್ಮೆಯ ಶಾಲೆ!
ವಿದ್ಯಾರಣ್ಯಪುರಂನಲ್ಲಿ ನಿಮ್ಮ ಮನೆ ಹುಡುಕಿಕೊಂಡು ಹೋದೆ. ಬಾಗಿಲಲ್ಲಿ ನಿಮ್ಮ ಮಗಳಿದ್ದರು.
"ಶಿವಮಲ್ಲಪ್ಪ ಅಂತ. ಇಷ್ಟು ವರ್ಷ ಗೊತ್ತಿರ್ಲಿಲ್ವಾ?" ಅಂದರು. ಕೋಪದಿಂದಲ್ಲ, ಆಶ್ಚರ್ಯದಿಂದ.


ವಾಪಸ್ ಬರುವಷ್ಟರಲ್ಲಿ ಗ್ರೂಪಿನಲ್ಲಿ ತೀರ್ಮಾನವಾಗಿತ್ತು.
"ಬ್ಯಾಚ್ ಫೋಟೋನೇ ಫ್ಲೆಕ್ಸಿಗೆ ಹಾಕೋಣ. ಕೆಳಗೆ ಶ್ರದ್ಧಾಂಜಲಿ ಅಂತ ಬರ್ದ್ರೆ ಆಯ್ತು. ನಾವೆಲ್ಲ ಚೆನ್ನಾಗಿ ಬಂದಿದ್ದೀವಿ."
ಚೆನ್ನಾಗಿ ಬಂದಿದ್ದೀರಂತೆ ಫ್ರೆಂಡ್ಸ್! ಅವರ ಸಾವಿಗೂ ನಿಮ್ಮ ಮುಖವೇ ಬೇಕು.

ಆ ಫೋಟೋ ತೆರೆದು ಜೂಮ್ ಮಾಡಿ ನೋಡಿದೆ ಪೈಪಣ್ಣ…
ನೀವು ಸರಿದದ್ದು ಒಂದೇ ಹೆಜ್ಜೆ. ಎಡತುದಿಯಲ್ಲಿ ನಿಮ್ಮ ಮೊಣಕೈ ಉಳಿದಿದೆ. ಇಳಿಸಿಕೊಂಡ ತೋಳು ಇದೆ. ಪೈಪ್ ಹಿಡಿದ ಕೈ ಇದೆ.

ಫ್ರೆಂಡ್ಸ್, ಅದನ್ನು ಕ್ರಾಪ್ ಮಾಡಿ ಇಲ್ಲಿ ಹಾಕಿದ್ದೇನೆ.
ನಲವತ್ತೆರಡು ಜನರನ್ನೂ ತೆಗೆದಿದ್ದೇನೆ. ಮೊದಲು ನನ್ನನ್ನು.
ಫ್ಲೆಕ್ಸಿಗೆ ಹೋಗುವುದೂ ಇದೇ. ಹಗ್ಗದಲ್ಲಿ ಕಟ್ಟುತ್ತೇನೆ.
"ನಾನೆಲ್ಲಿ" ಅಂತ ಯಾರೂ ಕಾಮೆಂಟ್ ಹಾಕಬೇಡಿ.
ಸ್ವಲ್ಪ ಪಕ್ಕಕ್ಕೆ ಬನ್ನಿ… ಇದು ಅವರ ಫೋಟೋ.

ಹೋಗಿ ಬನ್ನಿ, ಶಿವಮಲ್ಲಪ್ಪನವರೇ…
ನಿಮ್ಮ ಆತ್ಮ ತಣ್ಣಗಿರಲಿ.