ಕಂಪ್ಯೂಟರಿನ ಮೇಣದಬತ್ತಿ

"ಊದಿ ತಾತ, ಊದಿ ಊದಿ ಊದಿ, ನಿಲ್ಲಿಸ್ಬೇಡಿ!" ವಿಜಯನಗರದ ಕ್ಲಿನಿಕ್ಕಿನಲ್ಲಿ ಸಿಒಪಿಡಿ ಎಂಬ ನನ್ನ ಶ್ವಾಸಕೋಶದ ಕಾಯಿಲೆ ಎಷ್ಟು ಬಲಿತಿದೆಯೆಂದು ಉಸಿರು ಅಳೆಯುತ್ತಿದ್ದ ಹುಡುಗಿ ಕೂಗುತ್ತಿದ್ದಳು. ನನ್ನ ಬಾಯಲ್ಲಿ ಕೊಳವೆ, ಕಂಪ್ಯೂಟರಿನಲ್ಲಿ ಉರಿಯುವ ಮೇಣದಬತ್ತಿಗಳ ಚಿತ್ರ. ಊದಿದಂತೆಲ್ಲ ಅವು ಆರಬೇಕು. ಮೊಮ್ಮಕ್ಕಳ ಹುಟ್ಟುಹಬ್ಬದಲ್ಲಿ ಅವರಿಗಿಂತ ಮೊದಲೇ ಕೇಕಿನ ಬತ್ತಿ ಆರಿಸಿ ಓಡುವ ಶೂರ ನಾನು, ಇದ್ಯಾವ ಲೆಕ್ಕ! ಆದರೆ ಎರಡು ಆರುವಷ್ಟರಲ್ಲೇ ಉಸಿರು ಮುಗಿಯಿತು. ಕೆಮ್ಮುತ್ತಾ ತಿರುಗಿದರೆ, ಪಕ್ಕದಲ್ಲಿ ಹೆಂಡತಿ ಕೆನ್ನೆ ಉಬ್ಬಿಸಿಕೊಂಡು ಆ ಬತ್ತಿಗಳತ್ತ ಊದುತ್ತಿದ್ದಾಳೆ!

"ಪೈಪ್ ಇರೋದು ನನ್ ಬಾಯಲ್ಲಿ ಕಣೇ, ನೀನ್ಯಾಕೆ ಊದ್ತಿದೀಯ?" ಎಂದು ರೇಗಿಸಿದೆ.

"ಸುಮ್ನಿರ್ರೀ, ಇನ್ನೂ ಉರೀತಾನೇ ಇದಾವೆ," ಎಂದಳು. ನಗಲಿಲ್ಲ.

ಅಂದಿನಿಂದ ನಾನು ಎಂಥ ತಮಾಷೆ ಮಾಡಿದರೂ ಅವಳು ನನ್ನ ಮುಖ ನೋಡುವುದಿಲ್ಲ, ಎದೆ ಏರಿಳಿಯುವುದನ್ನೇ ನೋಡುತ್ತಾಳೆ.