ನಿಶ್ಚಿತಾರ್ಥದ ತಟ್ಟೆಯಲ್ಲಿ ಬಂದ ಫೋನು

ಮೂರು ವರ್ಷದ ಹಿಂದಿನ ಶ್ರಾವಣ. ಚನ್ನಗಿರಿಯ ನಮ್ಮ ಮನೆಯಲ್ಲಿ ಅಡುಗೆ ಮುಗಿಸಿ, ಮಧ್ಯಾಹ್ನದ ಹೊತ್ತು ಒಂದು ಭದ್ರತಾ ಕಂಪನಿಗಾಗಿ ಅನುಮಾನದ ಆ್ಯಪ್‌ಗಳನ್ನು ಪರೀಕ್ಷಿಸುವುದು ನನ್ನ ಕೆಲಸವಾಗಿತ್ತು. ಹೊಲಿದ ರವಿಕೆಯ ದಾರ ಬಿಚ್ಚಿ ಅಳತೆ ತಿಳಿಯುವಂತೆ, ಆ್ಯಪ್ ಒಂದನ್ನು ಬಿಚ್ಚಿ ಅದು ಗುಟ್ಟಾಗಿ ಏನು ಮಾಡುತ್ತದೆಂದು ನೋಡುವುದು. ಅದನ್ನೇ ರಿವರ್ಸ್ ಎಂಜಿನಿಯರಿಂಗ್ ಅನ್ನುತ್ತಾರೆ.

ನಮ್ಮ ಜೊತೆಗೇ ಇದ್ದು ಸಂತೇಬೆನ್ನೂರಿನಲ್ಲಿ ಟೀಚರಾಗಿದ್ದ ನನ್ನ ನಾದಿನಿ ವೀಣಾಗೆ ನ್ಯಾಮತಿಯ ಗಿರೀಶನೊಂದಿಗೆ ಮದುವೆ ಗೊತ್ತಾಗಿತ್ತು. ಈಗಿನ ರೂಢಿಯಂತೆ ಗಂಡಿನ ಕಡೆಯವರು ನಿಶ್ಚಿತಾರ್ಥದ ತಟ್ಟೆಯಲ್ಲಿ ಸೀರೆ, ಉಂಗುರ, ಹೂವಿನ ಜೊತೆ ಹೊಸ ಫೋನನ್ನೂ ಇಟ್ಟುಕೊಟ್ಟಿದ್ದರು. ಡಬ್ಬಿಯ ಸೀಲನ್ನು ಒಮ್ಮೆ ಬಿಚ್ಚಿ ನಾಜೂಕಾಗಿ ಮತ್ತೆ ಅಂಟಿಸಿದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಅಂಗಡಿಯವರು ತೆರೆದು ತೋರಿಸಿರಬೇಕು ಅಂದುಕೊಂಡು ಸುಮ್ಮನಾದೆ. ಅದು ನನ್ನ ತಪ್ಪು.

"ಸ್ಟಾಫ್ ರೂಮಿನಾಗೆ ಏನು ಅಷ್ಟೊಂದು ನಗು?" ಎಂದು ಒಂದು ಸಂಜೆ ಗಿರೀಶ ಕೇಳಿದನಂತೆ. ಹೇಳದೆಯೇ ತನ್ನನ್ನು ಎಷ್ಟು ಅರ್ಥ ಮಾಡಿಕೊಂಡಿದ್ದಾರೆ ಎಂದು ವೀಣಾ ಮೊದಲು ಹಿಗ್ಗಿದಳು. ಆಡಿದ ಮಾತೆಲ್ಲ ಹೇಗೋ ಅವನಿಗೆ ಮುಟ್ಟುತ್ತಿದ್ದುದರಿಂದ, ತಿಂಗಳೊಳಗೆ ಗೆಳತಿಯರ ಜೊತೆ ಮಾತಾಡುವುದನ್ನೇ ಬಿಟ್ಟಳು. ಒಂದು ಬೆಳಿಗ್ಗೆ ಕಪಾಟು ಒರೆಸುವಾಗ ಆ ಫೋನು ನನ್ನ ಕೈಗೆ ತಾಗಿತು. ರಾತ್ರಿಯಿಂದ ಯಾರೂ ಮುಟ್ಟದ ಫೋನು ಬೆಚ್ಚಗಿತ್ತು.

ಅನುಮಾನ ಬಂದು ನೋಡಿದರೆ, ಒಳಗೆ 'ಸಿಸ್ಟಮ್ ಸರ್ವಿಸ್' ಎಂಬ ಸಾಧು ಹೆಸರಿನ ಆ್ಯಪ್ ಇತ್ತು. ಅದರ ಪ್ರತಿ ತೆಗೆದು ನನ್ನ ಯಂತ್ರದಲ್ಲಿ ಬಿಚ್ಚಿದೆ. ಸ್ಪೈವೇರ್. ದನಿ ಕೇಳಿದೊಡನೆ ಮೈಕ್ ತೆರೆದು, ಧ್ವನಿ ಮುದ್ರಿಸಿಕೊಂಡು ಎಲ್ಲಿಗೋ ಕಳಿಸುತ್ತಿತ್ತು. ಯಾರಿಗೆ ಎಂಬುದು ಮಾತ್ರ ಅದರಲ್ಲಿ ಬರೆದಿರಲಿಲ್ಲ.

ಫೋನನ್ನು ಒಳಗೇ ಬಿಟ್ಟು, ಹಿತ್ತಿಲ ಬಟ್ಟೆಕಲ್ಲಿನ ಬಳಿ ನಾನು, ವೀಣಾ, ಅವಳ ಅಣ್ಣ ಮೂವರೂ ನಿಂತೆವು. "ಅಳಿಸಿಬಿಡು, ಮದುವೆ ಮುರಿಯೋಣ" ಅಂದರು ನನ್ನ ಯಜಮಾನರು.

"ಸುಮ್ಮನೆ ಮುರಿದ್ರೆ ಹುಡುಗೀದೇ ಏನೋ ಐತೆ ಅಂತಾರಣ್ಣ" ಅಂದಳು ವೀಣಾ. "ಅತ್ತಿಗೆ, ಅವರ ಬಾಯಿಂದಲೇ ನಿಜ ಬರಂಗೆ ಏನಾರ ಮಾಡಾಕೆ ಆಗಲ್ವಾ?"

ನಾನು ಕಾನ್ವೆಂಟಿನಲ್ಲಿ ಕಲಿತವಳು. ಕ್ಷಮಿಸುವುದನ್ನು ಪ್ರಾರ್ಥನೆಯಂತೆ ಬಾಯಿಪಾಠ ಮಾಡಿಸಿದ್ದರು. ಆದರೆ ಆ ಹುಡುಗಿ ನಮ್ಮ ಮನೆಯಲ್ಲೇ ಪಿಸುಗುಟ್ಟುವುದನ್ನು ನೋಡಿ ನನಗೆ ಕ್ಷಮೆ ಬೇಡವಾಯಿತು.

ಒಂದು ಚೀಟಿ ಬರೆದು ಲಕೋಟೆಗೆ ಹಾಕಿ ಅಂಟಿಸಿದೆ. ಯಜಮಾನರು ಅದನ್ನು, ಮದುವೆ ಕುದುರಿಸಿದ ಹೊನ್ನಾಳಿಯ ರುದ್ರಪ್ಪಜ್ಜನಿಗೆ ಒಪ್ಪಿಸಿ ಬಂದರು. ನಾನು ಹೇಳುವ ತನಕ ಒಡೆಯಬಾರದೆಂದು ಕರಾರು. ಮರುದಿನ ಬಾಗಿಲು ಹಾಕಿಕೊಂಡು, ಫೋನನ್ನು ಮಂಚದ ಮೇಲಿಟ್ಟು ವೀಣಾಗೆ ಹೇಳಿದೆ: "ಬೀಗರ ಊಟಕ್ಕೆ ಹೋಳಿಗೆ ಬ್ಯಾಡ. ಚಿತ್ರಾನ್ನ, ಮೊಸರನ್ನ ಹಾಕಿ ಕೈ ತೊಳಕೊಳ್ಳೋಣ."

ಭಾನುವಾರವೇ ರುದ್ರಪ್ಪಜ್ಜನನ್ನು ಕರೆದುಕೊಂಡು ಗಿರೀಶ, ಅವನ ತಾಯಿ ಬಂದರು. ಆಯಮ್ಮ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು: "ಏನ್ರೀ, ನಮಗೆ ಚಿತ್ರಾನ್ನ ಹಾಕಿ ಕಳಿಸ್ತೀರಂತೆ? ನಾವೇನು ಬಸ್ ಸ್ಟ್ಯಾಂಡಿನಾಗೆ ಕುಂತೀವೇನು?"

"ಯಾರು ಹೇಳಿದ್ರಮ್ಮ?"

"ನಮ್ಮ ಗಿರೀಶನೇ ಅಂದ."

"ನಿಮಗ್ಯಾರು ಹೇಳಿದ್ರು ಗಿರೀಶ್?"

"ಯಾರೋ... ಊರಾಗೆ ಅಂತಿದ್ರು."

ಲಕೋಟೆ ಒಡೆಯಿರಿ ಅಂದೆ. ಅಜ್ಜ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: "ನಾಳೆ ನಾನು, ವೀಣಾ ಇಬ್ಬರೇ ಕೂತು ಚಿತ್ರಾನ್ನದ ಸುಳ್ಳು ಹೇಳುತ್ತೇವೆ. ಕೇಳಿಸಿಕೊಳ್ಳುವುದು ತಟ್ಟೆಯಲ್ಲಿ ಬಂದ ಫೋನು ಮಾತ್ರ. ಈ ಮಾತು ಯಾರ ಬಾಯಿಂದ ಬರುತ್ತದೋ ನೋಡಿ."

ಗಿರೀಶನ ಕಿವಿ ಕೆಂಪಾದವು. "ಹೆಂಡ್ತಿ ಆಗೋಳು... ಒಂದು ನಂಬಿಕೆಗೆ ಅಂತ ಆ ಆ್ಯಪ್ ಹಾಕಿದ್ದೆ."

"ನಂಬಿಕೆ ಇರೋನು ಗೋಡೆಗೆ ಕಿವಿ ಇಡ್ತಾನೇನಲೇ?" ಅಂದರು ಅಜ್ಜ. ಅವನ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಕಾಫಿ ತಂದುಕೊಟ್ಟೆ. ಅವನು ಅವಸರದಲ್ಲಿ ಗುಟುಕರಿಸಲು ಹೋಗಿ ಅಂಗಿಗೆಲ್ಲ ಚೆಲ್ಲಿಕೊಳ್ಳುವುದನ್ನು ಪೂರ್ತಿ ನೋಡಿದೆ. ಒರೆಸಲು ಬಟ್ಟೆ ಕೊಡಲಿಲ್ಲ.

ಸಂಬಂಧ ಅಲ್ಲೇ ಮುರಿಯಿತು. ಕೊಟ್ಟಿದ್ದನ್ನು ಹಿಂತಿರುಗಿಸುವುದು ಪದ್ಧತಿ. "ಫೋನೂ ಕೊಡ್ರಿ ಅಕ್ಕಾ" ಅಂದ ಗಿರೀಶ.

"ಸೀರೆ, ಉಂಗುರ ತಗೊಂಡ್ಹೋಗ್ರಿ. ಇದು ಸಾಕ್ಷಿ."

ಅವರು ಹೋದ ಮೇಲೂ ಆ ಆ್ಯಪ್ ಡೇಟಾ ಕಳಿಸುತ್ತಲೇ ಇತ್ತು. ಕೇಳುವ ಚಟ ಅಷ್ಟು ಬೇಗ ಬಿಡುವುದಿಲ್ಲ. ಪೊಲೀಸರಿಗೆ ಒಪ್ಪಿಸಲೆಂದು ಅದನ್ನು ಸ್ವಿಚ್ ಆಫ್ ಮಾಡಹೊರಟಾಗ ವೀಣಾ ನನ್ನ ಕೈ ತಡೆದು ಫೋನಿನತ್ತ ಬಗ್ಗಿದಳು. ಎಷ್ಟೋ ದಿನದ ಮೇಲೆ ನಮ್ಮ ಮನೆಯಲ್ಲಿ ಅವಳ ದನಿ ಗಟ್ಟಿಯಾಗಿತ್ತು.

"ಕೇಳಿಸ್ತಾ ಐತೇನ್ರೀ? ಈಗ ಸ್ಟೇಷನ್ನಿಗೆ ಹೊಂಟೀವಿ."

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಫೋನಿನಲ್ಲಿ ಕಳ್ಳ ಕಂಡೊಡನೆ ಅಳಿಸಬೇಡಿ. ಅಳಿಸಿದರೆ ಸಾಕ್ಷಿ ಹೋಗುತ್ತದೆ, ಕಳ್ಳ ಉಳಿಯುತ್ತಾನೆ.