ಹಿಂಬಾಗಿಲಿಲ್ಲದ ಮನೆಯ ಬೋರ್ಡು

ದ್ಯಾಮವ್ವನ ತಲೆಯ ಮೇಲಿದ್ದ ರೊಟ್ಟಿಬುತ್ತಿಗೆ ಕಟ್ಟಿದ್ದು ಬಿಳಿ ಬಟ್ಟೆಯೋ ಹಳದಿಯೋ, ನನ್ನ ನೆನಪು ತಪ್ಪಿರಬಹುದು. ಗಜೇಂದ್ರಗಡದಲ್ಲಿ ನಮ್ಮ ಕಾಕಾ ಕಟ್ಟಿಸಿದ ಹೊಸ ಮನೆಯ ವಾಸ್ತುಶಾಂತಿಗೆ ಬಂದ ಆಕೆ, ಹೊಸ್ತಿಲ ಮುಂದೆ ನಿಂತು ಬಾಗಿಲ ಮೇಲಿನ ಬೋರ್ಡನ್ನು ಗಟ್ಟಿಯಾಗಿ ಓದಿದ್ದಂತೂ ಖಚಿತ: "ಕೆಲಸದವರು ಹಿಂಬಾಗಿಲಿನಿಂದ ಬರತಕ್ಕದ್ದು."

ಎಲ್ಲೋ ಕೆರೆದಂಡೆಯ ಭವ್ಯ ಹೋಟೆಲೊಂದನ್ನು ಕೆಡವಿದಾಗ ಕಾಕಾ ಹುಡುಕಿ ತಂದ ಹಳೆಯ ಬೋರ್ಡು ಅದು. ಬೆಳಿಗ್ಗೆಯಿಂದ ಬೀಗರೆಲ್ಲ ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಂಡಿದ್ದರು. ನಾನು ನಿಂತಿರಲಿಲ್ಲ ಎಂದೇ ನಂಬಿದ್ದೆ; ಫೋನಿನಲ್ಲಿ ನಗುತ್ತ ನಿಂತಿದ್ದೇನೆ. ಕಾಕಾನ ಮನೆಯಲ್ಲಿ ವರ್ಷಗಟ್ಟಲೆ ರೊಟ್ಟಿ ಬಡಿದ ದ್ಯಾಮವ್ವನನ್ನು ಊಟಕ್ಕೆಂದು ಕರೆದದ್ದು ಅಂದೇ ಮೊದಲು.

"ಏ ದ್ಯಾಮವ್ವ, ಅದು ಆಂಟಿಕ್ ಐತಿ! ನೋಡಾಕ ಹಾಕೇವಿ, ಓದಾಕಲ್ಲ," ಎಂದು ಕಾಕಾ ನಕ್ಕರು.

"ನಾ ಈಗಷ್ಟ ಓದಾಕ ಕಲತೇನ್ರಿ ಸಾವ್ಕಾರ್ರ. ಸುಮ್ನ ನೋಡಾಕ ಇನ್ನೂ ಬರವಲ್ದು," ಎಂದು ಆಕೆ ಮನೆಯ ಹಿಂದಕ್ಕೆ ನಡೆದಳು.

ವಾಸ್ತು ನೋಡಿದವರ ಮಾತು ಕೇಳಿ ಕಾಕಾ ಆ ಮನೆಗೆ ಹಿಂಬಾಗಿಲನ್ನೇ ಇಡಿಸಿರಲಿಲ್ಲ. ದ್ಯಾಮವ್ವ ಮನೆಯನ್ನು ಒಂದು ಸುತ್ತು ಹಾಕಿ, ಬುತ್ತಿಯನ್ನು ಇಳಿಸದೆಯೇ ತನ್ನ ಓಣಿಯ ದಾರಿ ಹಿಡಿದಳು. ನಾವು ಒಳಗೆ ಹೋಳಿಗೆಗೆ ತುಪ್ಪ ಹಾಕಿಸಿಕೊಂಡೆವು.

ಆಕೆ ಮತ್ತೆ ಬಂದಿಲ್ಲ. ಹೋದ ವಾರ ಬೋರ್ಡಿನ ಧೂಳು ಒರೆಸುತ್ತಿದ್ದ ಕಾಕಾನನ್ನು ಕೇಳಿದೆ: "ಅಕಿ ಮನಿಗೆ ನೀವಾಗೇ ಹೋಗಿ ಕರಿಯೂದು ಯಾವಾಗ್ರಿ, ಕಾಕಾ?"